ಅಳಿಯನ ಅಂಗಾಲಿನ ಬಣ್ಣ

ನಮ್ಮ ಮಗಳ ಮದುವೆಯಲ್ಲಿ ಅಳಿಯನ ಕಾಲನ್ನು ನಾವು ಮೂರು ಸಲ ತೊಳೆದೆವು. ಶಾಸ್ತ್ರದ ಪ್ರಕಾರ ತೊಳೆಯಬೇಕಾದದ್ದು ಒಂದೇ ಸಲ.

ಮೂರನೆಯ ಸಲಕ್ಕೆ ನಮ್ಮ ಯಜಮಾನರು ರೇಷ್ಮೆ ಪಂಚೆಯ ತುದಿಯಿಂದಲೇ ತಳ ಹತ್ತಿದ ಪಾತ್ರೆ ಉಜ್ಜುವ ಹಾಗೆ ಉಜ್ಜುತ್ತಿದ್ದರು. ಅಳಿಯ ತುಟಿ ಕಚ್ಚಿ ಹಿಡಿದರೂ ಕಿಸಕ್ಕನೆ ನಗುತ್ತಿದ್ದ. (ಅವನಿಗೆ ಅಂಗಾಲಿನಲ್ಲಿ ವಿಪರೀತ ಕಚಗುಳಿ. ಮದುವೆಗೆ ಮುಂಚೆ ಇಂಥದ್ದನ್ನೆಲ್ಲ ಯಾರು ವಿಚಾರಿಸುತ್ತಾರೆ?) ಬೀಗರ ಕಡೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಎಷ್ಟು ಭಕ್ತಿಯಿಂದ ತೊಳೀತಾವ್ರೆ ನೋಡಿ, ಈ ಕಾಲ್ದಲ್ಲಿ ಯಾರು ಹಿಂಗೆ ಮಾಡ್ತಾರೆ" ಎಂದು ಒಬ್ಬರು ಹೇಳಿದ್ದು ನನ್ನ ಕಿವಿಗೂ ಬಿತ್ತು.

ಭಕ್ತಿ ಎಲ್ಲಿ ಬಂತು ತಾಯಿ. ನಮಗೆ ಜೀವವೇ ಬಾಯಿಗೆ ಬಂದಿತ್ತು.

ಇದೆಲ್ಲ ನಡೆದು ಎರಡು ತಿಂಗಳಾಯಿತು. ಈಗ ಬರೆಯಬಹುದು ಎಂದು ಮಗಳು ಅಪ್ಪಣೆ ಕೊಟ್ಟಿದ್ದಾಳೆ. ಅಳಿಯನೂ "ಬರೀರಿ ಅತ್ತೆ, ಆದ್ರೆ ಕಾಲಿನ ಫೋಟೋ ಹಾಕ್ಬೇಡಿ" ಎಂದಿದ್ದಾನೆ. ಹಾಗಾಗಿ ಈ ವಾರದ ಅಂಕಣದಲ್ಲಿ ರಸ್ತೆ ಗುಂಡಿ ಇಲ್ಲ, ಮೆಟ್ರೋ ಇಲ್ಲ, ನೀರಿನ ಟ್ಯಾಂಕರ್ ಇಲ್ಲ. ಬರೀ ಅಂಗಾಲು.

ಮೊದಲು ಹುಡುಗನ ಪರಿಚಯ. ಹೆಸರು ಮಂಜುನಾಥ, ಊರು ಗೊಟ್ಟಿಗೆರೆ. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಬೆಳೆದಿದ್ದಾರೆ. ಆ ಕಟ್ಟಡದ ಕೆಳಗಿನ ಮಹಡಿಯಲ್ಲಿ ಮಂಜುನಾಥನ ಪೇಂಟ್ ಅಂಗಡಿ. ನನ್ನ ಮಗಳು ಸಿಂಚನಾ ಮನೆಗಳ ಒಳಾಂಗಣ ಅಲಂಕಾರದ ಕೆಲಸ ಮಾಡುವವಳು. ಯಾರದೋ ಗೋಡೆಗೆ ಸರಿಯಾದ ಬಿಳಿ ಬಣ್ಣ ಹುಡುಕಿಕೊಂಡು ಆ ಅಂಗಡಿಗೆ ಹೋದಳು. (ಬಿಳಿಯಲ್ಲೂ ಹತ್ತಾರು ಬಗೆ ಇವೆಯಂತೆ. ನಾನು ಇಷ್ಟು ದಿನ ಒಂದೇ ಎಂದುಕೊಂಡಿದ್ದೆ.) ನಾಲ್ಕು ಸಲ ಬಣ್ಣ ಸರಿಯಿಲ್ಲ ಎಂದು ವಾಪಸ್ ಮಾಡಿದಳು. ಐದನೆಯ ಸಲ ಅಂಗಡಿಯವನನ್ನೇ ಒಪ್ಪಿಕೊಂಡು ಬಂದಳು.

ನಾವು ಹಳೆಯ ಜಯನಗರದವರು. ಎರಡು ಮನೆಯ ಪದ್ಧತಿಗಳೂ ಬೇರೆ ಬೇರೆ. ಇದರಿಂದ ಜಗಳವಾಗುತ್ತದೆ ಎಂದು ನೆಂಟರೆಲ್ಲ ಕಾದು ಕುಳಿತಿದ್ದರು. ಅವರಿಗೆ ಭಾರಿ ನಿರಾಸೆಯಾಯಿತು. ಯಾಕೆಂದರೆ ಎರಡೂ ಕಡೆಯವರು ಅತಿ ಸಭ್ಯರು. ಒಬ್ಬರು ಏನಾದರೂ ಮಾಡಿದರೆ "ಅವರ ಕಡೆ ಪದ್ಧತಿ ಇರ್ಬೇಕು" ಎಂದು ಇನ್ನೊಬ್ಬರು ಕೈಮುಗಿದುಬಿಡುತ್ತಿದ್ದರು. ನಿಶ್ಚಿತಾರ್ಥದ ದಿನ ನಮ್ಮ ಯಜಮಾನರು ಬಾಗಿಲ ಹತ್ತಿರ ತೆಂಗಿನಕಾಯಿಯೊಂದನ್ನು ಕೈಜಾರಿ ಬೀಳಿಸಿದರು. ಬೀಗರ ಕಡೆಯ ಇಪ್ಪತ್ತು ಜನ ಒಬ್ಬರ ಹಿಂದೆ ಒಬ್ಬರು ಅದಕ್ಕೆ ನಮಸ್ಕಾರ ಮಾಡಿ, ದಾಟಿಕೊಂಡು, ಬಲಗಾಲಿಟ್ಟು ಒಳಗೆ ಬಂದರು. ಎತ್ತಿಕೊಳ್ಳಲು ಬಗ್ಗಿದ್ದ ಯಜಮಾನರು ಹಾಗೇ ಬಗ್ಗಿಕೊಂಡೇ ನಿಂತಿದ್ದರು.

ಹುಡುಗ ಒಳ್ಳೆಯವನೇ. ಆದರೆ ನನ್ನ ಹೊಟ್ಟೆಯೊಳಗೆ ಒಂದು ಅನುಮಾನ ಇತ್ತು. ಇವನು ಯಾವುದಕ್ಕೂ ಬೇಡ ಎನ್ನುವುದಿಲ್ಲ. ಇನ್ನೊಂದು ದೋಸೆ ಹಾಕಲೇ ಎಂದರೆ "ಆಯ್ತು ಆಂಟಿ". ಛತ್ರ ಬನಶಂಕರಿಯಲ್ಲೇ ಇರಲಿ ಎಂದರೆ "ಆಯ್ತು ಆಂಟಿ". ಇಷ್ಟೊಂದು ಒಪ್ಪಿಕೊಳ್ಳುವ ಗಂಡಸು ಏನನ್ನೋ ಮುಚ್ಚಿಡುತ್ತಿರಬೇಕು ಎನ್ನುವುದು ನನ್ನ ಥಿಯರಿ. (ದಿನಕ್ಕೆ ಹತ್ತು ಸಲ ಬೇಡ ಎನ್ನುವ ಗಂಡನ ಜೊತೆ ಮೂವತ್ತೊಂದು ವರ್ಷ ಬಾಳಿದವಳಿಗೆ ಇನ್ನೆಂಥ ಥಿಯರಿ ಬರಬೇಕು?) ಮಗಳ ಹತ್ತಿರ ಹೇಳಿಯೂ ಹೇಳಿದೆ.

"ಒಳ್ಳೇವ್ರನ್ನ ಕಂಡ್ರೆ ನಿಂಗ್ಯಾಕಮ್ಮ ಡೌಟು?" ಎಂದಳು.

ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯಲು ಕುಳಿತೆ. ಅನುಮಾನ ಮಾತ್ರ ಸುಮ್ಮನೆ ಕೂರಲಿಲ್ಲ.

ಮದುವೆಯ ದಿನ. ಮುಹೂರ್ತ ಹತ್ತು ಇಪ್ಪತ್ತಕ್ಕೆ. ಒಂಬತ್ತೂವರೆಗೆ ವರಪೂಜೆ. ಹೆಣ್ಣಿನ ತಂದೆ ತಾಯಿ ವರನ ಪಾದ ತೊಳೆಯುವ ಶಾಸ್ತ್ರ. ಬೆಳ್ಳಿ ಗಿಂಡಿಯಿಂದ ನಾನು ನೀರು ಹಾಕಬೇಕು, ಯಜಮಾನರು ತಟ್ಟೆಯಲ್ಲಿ ಅವನ ಕಾಲು ಇಟ್ಟುಕೊಂಡು ತೊಳೆಯಬೇಕು. ನಾನು ಗಿಂಡಿ ಬಗ್ಗಿಸಿದೆ. ಯಜಮಾನರು ಬಲಗಾಲು ಎತ್ತಿದರು. ಅಂಗಾಲು ಕಂಡಿತು.

ಹಳದಿ. ಕಿತ್ತಳೆಗೆ ತಿರುಗುತ್ತಿರುವ ಅಚ್ಚ ಹಳದಿ.

ಹಿಂದಿನ ದಿನ ಅರಿಶಿನದ ಶಾಸ್ತ್ರ ಆಗಿತ್ತಲ್ಲ, ಅದೇ ಇರಬೇಕು ಎಂದುಕೊಂಡೆ. "ಸ್ವಲ್ಪ ತಿಕ್ಕಿ" ಎಂದು ಪಿಸುಗುಟ್ಟಿದೆ. ತಿಕ್ಕಿದರು. ಹೋಗಲಿಲ್ಲ. ಇನ್ನೊಮ್ಮೆ ನೀರು ಹಾಕಿದೆ. ಇನ್ನೂ ಜೋರಾಗಿ ತಿಕ್ಕಿದರು. ವರ ನಕ್ಕ. ಫೋಟೋದವನು "ಸಖತ್ ಕ್ಯಾಂಡಿಡ್ ಬರ್ತಿದೆ ಅಂಕಲ್, ಹಂಗೇ ಮಾಡಿ" ಎಂದ. ಪುರೋಹಿತರು "ಸಾಕು ಸಾರ್, ಮುಂದಿನ ಮಂತ್ರ ಇದೆ" ಎಂದರು. ನಾವು ಮೂರನೆಯ ಸಲಕ್ಕೆ ಶುರು ಮಾಡಿದ್ದೆವು.

ನನ್ನ ಕೈಗೂ ಹಿಂದಿನ ದಿನ ಅರಿಶಿನ ಮೆತ್ತಿತ್ತು. ಎರಡು ಸಲ ಸೋಪು ಹಾಕಿದ ಮೇಲೆ ಹೋಗಿತ್ತು. ಇದು ಮೇಲೆ ಹಚ್ಚಿದ ಬಣ್ಣ ಅಲ್ಲವೇ ಅಲ್ಲ. ಅವನ ಅಂಗೈ ನೋಡಿದೆ. ಅದೂ ಹಾಗೇ. ಪೇಂಟ್ ಅಂಗಡಿಯವನು, ಕೈಗೆ ಬಣ್ಣ ಅಂಟಿರಬಹುದು. ಆದರೆ ಪೇಂಟನ್ನು ಯಾರಾದರೂ ಕಾಲಲ್ಲಿ ಕಲಸುತ್ತಾರೆಯೇ?

"ಜಾಂಡೀಸ್ ಕಣೇ" ಎಂದರು ಯಜಮಾನರು, ನನಗೆ ಮಾತ್ರ ಕೇಳುವ ಹಾಗೆ.

ನಿಮಗೆ ಒಂದು ವಿಷಯ ಹೇಳಬೇಕು. ನನ್ನ ತಮ್ಮನನ್ನು ನಾವು ಕಳೆದುಕೊಂಡದ್ದು ಲಿವರ್ ಕಾಯಿಲೆಯಿಂದ. ಕೊನೆಕೊನೆಗೆ ಅವನ ಅಂಗೈ ಹೇಗಿತ್ತು ಎಂದು ನನಗೆ ಇವತ್ತಿಗೂ ನೆನಪಿದೆ. ಮಂಟಪದ ಮೇಲೆ, ಅಷ್ಟು ಹೂವು, ಅಷ್ಟು ನಗು, ಅಷ್ಟು ವಾಲಗದ ನಡುವೆ ನನಗೆ ಆ ಕೈ ಕಂಡಿತು. ಮಂಜುನಾಥ ಮುಚ್ಚಿಟ್ಟಿದ್ದು ಇದನ್ನೇ. ಇನ್ನು ಅರ್ಧ ಗಂಟೆಯಲ್ಲಿ ನನ್ನ ಒಬ್ಬಳೇ ಮಗಳನ್ನು ಇವನ ಕೈಗೆ ಕೊಡುತ್ತೇನೆ. ಕೊಡಲೇ?

"ನಿಲ್ಸೋಣ್ವಾ?" ಎಂದರು ಯಜಮಾನರು. ಪರದೆ ಬಟ್ಟೆಯ ಬಣ್ಣಕ್ಕೂ ನನ್ನ ಅಭಿಪ್ರಾಯ ಕೇಳದ ಮನುಷ್ಯ.

"ಹತ್ತು ನಿಮಿಷ ಏನಾದ್ರೂ ಮಾಡ್ತಾ ಇರಿ" ಎಂದು ಹೇಳಿ ಗಿಂಡಿಯನ್ನು ಅವರ ಕೈಗೆ ಕೊಟ್ಟು ಊಟದ ಹಾಲಿಗೆ ಓಡಿದೆ.

ಅಲ್ಲಿ ನನ್ನ ದೊಡ್ಡಮ್ಮನ ಮಗಳು ವಿಮಲಕ್ಕ ತಿಂಡಿಗೆ ಕುಳಿತಿದ್ದಳು. ಮಕ್ಕಳ ಡಾಕ್ಟರಾಗಿ ರಿಟೈರ್ ಆದವಳು. ಎಲೆಯ ಮೇಲೆ ಕೇಸರಿಬಾತು ಆಗಷ್ಟೇ ಬಿದ್ದಿತ್ತು. ನಾನು ಏದುಸಿರು ಬಿಡುತ್ತಾ ವಿಷಯ ಹೇಳಿದೆ. ಅವಳು ಕೇಸರಿಬಾತಿನಿಂದ ತಲೆ ಎತ್ತಲಿಲ್ಲ.

"ಕಣ್ಣು ನೋಡಿದ್ಯಾ?"

"ಕಾಲು ಹಳದಿ ಅಂದ್ರೆ ನೀನು ಕಣ್ಣು ಅಂತೀಯ."

"ಜಾಂಡೀಸ್ ಆದ್ರೆ ಕಣ್ಣಿನ ಬಿಳೀ ಭಾಗ ಹಳದಿ ಆಗತ್ತೆ. ಕಣ್ಣು ಬೆಳ್ಳಗಿದ್ದು ಅಂಗೈ ಅಂಗಾಲು ಮಾತ್ರ ಹಳದಿ ಅಂದ್ರೆ ಅದು ಬೇರೆ ಕಥೆ. ಹೋಗಿ ನೋಡು. ಆ ವಿಡಿಯೋ ಲೈಟಲ್ಲಿ ನೋಡ್ಬೇಡ, ಅದ್ರಲ್ಲಿ ಇಡೀ ಛತ್ರನೇ ಹಳದಿ ಕಾಣತ್ತೆ. ಬಿಸಿಲಲ್ಲಿ ನೋಡ್ಬೇಕು."

"ನೀನೇ ಬಾರೆ."

"ಕಾಫಿ ಬರ್ಲಿ, ಬರ್ತೀನಿ."

ಅವಳು ಕಾಫಿ ಕುಡಿದೇ ಎದ್ದಳು. ಡಾಕ್ಟರುಗಳ ಈ ನೆಮ್ಮದಿಯನ್ನು ಕಂಡರೆ ನನಗೆ ಹೊಟ್ಟೆಯುರಿ.

ಈಗ ಸಮಸ್ಯೆ. ಮಂಟಪದ ಮೇಲೆ ಪೇಟ ಕಟ್ಟಿಕೊಂಡು ಕುಳಿತ ಮದುಮಗನನ್ನು ಬಿಸಿಲಿಗೆ ತರುವುದು ಹೇಗೆ? "ಸ್ವಲ್ಪ ಆಚೆ ಬಾರಪ್ಪ, ನಿನಗೆ ಕಾಯಿಲೆ ಇದೆಯೋ ನೋಡಬೇಕು" ಎನ್ನಲಾಗುತ್ತದೆಯೇ? ಮುನ್ನೂರು ಜನ ನೋಡುತ್ತಿದ್ದಾರೆ. ಗಡಿಯಾರ ಒಂಬತ್ತು ಐವತ್ತೈದು ತೋರಿಸುತ್ತಿದೆ. ಯಜಮಾನರು ಏನಾದರೂ ಮಾಡುತ್ತಿರಬೇಕಲ್ಲ ಎಂದು ವರನ ಕಾಲ್ಬೆರಳುಗಳಿಗೆ ಒಂದೊಂದಾಗಿ ಕುಂಕುಮ ಇಡುತ್ತಿದ್ದಾರೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಈಗ ಸೂರ್ಯದರ್ಶನ ಆಗ್ಬೇಕು. ವರನ್ನ ಹೊರಗಡೆ ಕರ್ಕೊಂಡು ಬನ್ನಿ."

ಪುರೋಹಿತರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. "ನಮ್ಮಲ್ಲಿ ಇದು ಇಲ್ವಲ್ಲ ಮೇಡಂ."

"ನಮ್ಮನೆ ಪದ್ಧತಿ" ಎಂದೆ. (ನಮ್ಮ ಮನೆಯಲ್ಲಿ ಯಾರಾದರೂ ಸೂರ್ಯನನ್ನು ನೋಡುವುದು ಸಂಡಿಗೆ ಒಣಗಿಸುವಾಗ ಮಾತ್ರ.)

ಪುರೋಹಿತರು ಇನ್ನೇನೋ ಕೇಳಲು ಬಾಯಿ ತೆರೆದರು. ಆಗ ನನ್ನ ನೆರವಿಗೆ ಬಂದವರು ಮಂಜುನಾಥನ ಸೋದರತ್ತೆ ಜಯಮ್ಮ, ವಸಂತಪುರದವರು. "ಹೆಣ್ಣಿನೋರ ಪದ್ಧತಿ ಅಂದ್ಮೇಲೆ ಮಾಡ್ಲೇಬೇಕು ಸಾಮಿ. ಏಳಪ್ಪ ಮಂಜ" ಎಂದರು. ಮಂಜುನಾಥ ಎದ್ದ. ಅವನು ಯಾವತ್ತು ತಾನೇ ಬೇಡ ಎಂದಿದ್ದ?

ನಾನು ಒಬ್ಬನನ್ನು ಕರೆದುಕೊಂಡು ಹೋಗಬೇಕೆಂದಿದ್ದೆ. ನಲವತ್ತು ಜನ ಹಿಂದೆ ಬಂದರು. ಯಾರೋ ಛತ್ರಿ ಹಿಡಿದರು. (ಬಿಸಿಲಿಗೆ ಕರೆದುಕೊಂಡು ಹೋಗುವವನಿಗೆ ಛತ್ರಿ. ಮಡಚಿಸಲು ಒಂದು ನಿಮಿಷ ಹಿಡಿಯಿತು.) ವಾಲಗದವರು ಸೂಚನೆ ಇಲ್ಲದೆಯೇ ಊದಲು ಶುರು ಮಾಡಿದರು. ಚಪ್ಪಲಿ ಸ್ಟ್ಯಾಂಡಿಗೂ ಜನರೇಟರಿಗೂ ನಡುವೆ ಒಂದಿಷ್ಟು ಒಳ್ಳೆಯ ಬಿಸಿಲು ಬಿದ್ದಿತ್ತು. ಮದುಮಗನನ್ನು ಅಲ್ಲಿ ನಿಲ್ಲಿಸಿದೆವು.

"ಕಣ್ಣು ಅಗಲ ಮಾಡಪ್ಪ. ಸೂರ್ಯನ್ನ ನೋಡ್ಬೇಡ, ನನ್ನ ನೋಡು" ಎಂದಳು ವಿಮಲಕ್ಕ. ಹೆಬ್ಬೆರಳಿನಿಂದ ಅವನ ಕೆಳರೆಪ್ಪೆ ಎಳೆದಳು. ಎಡಗಣ್ಣು, ಬಲಗಣ್ಣು. ಆಮೇಲೆ ಅಂಗೈ ತಿರುಗಿಸಿದಳು. ಮೂಗಿನ ಪಕ್ಕ ಬೆರಳಿಟ್ಟು ಒತ್ತಿದಳು.

"ಮೂಗೂ ಐತಾ ಶಾಸ್ತ್ರದಲ್ಲಿ?" ಎಂದು ಜಯಮ್ಮ ಮೆಲ್ಲಗೆ ಕೇಳಿದರು.

"ಇದೆ" ಎಂದೆ. ವಿಮಲಕ್ಕನ ಮುಖ ಬಿಟ್ಟು ಇನ್ನೇನನ್ನೂ ನೋಡಲಾಗುತ್ತಿರಲಿಲ್ಲ.

"ಬೆಳ್ಳಗಿದೆ" ಎಂದಳು ಅವಳು. "ಹಾಲಿನ ಹಾಗೆ ಬೆಳ್ಳಗಿದೆ. ಏನಪ್ಪ, ದಿನಾ ಏನು ತಿಂತೀಯ ನೀನು?"

ಮಂಜುನಾಥ ಇದೂ ಶಾಸ್ತ್ರದ ಪ್ರಶ್ನೆ ಎಂದುಕೊಂಡು ಕೈಕಟ್ಟಿ ನಿಂತು ಉತ್ತರ ಹೇಳಿದ. "ಬೆಳಗ್ಗೆ ಎರಡು ಲೋಟ ಕ್ಯಾರೆಟ್ ಜ್ಯೂಸು. ಮಧ್ಯಾಹ್ನ ಸಿಹಿಗುಂಬಳದ ಪಲ್ಯ. ಸಂಜೆ ಪಪಾಯ, ನಮ್ಮ ಸೈಟಲ್ಲೇ ಬೆಳೆದಿದ್ದು. ರಾತ್ರಿ ಇನ್ನೊಂದ್ಸಲ ಕ್ಯಾರೆಟ್ಟು."

"ಎಷ್ಟು ದಿನದಿಂದ?"

"ಮೂರು ತಿಂಗಳಾಯ್ತು ಮೇಡಂ."

"ಯಾವ ಡಾಕ್ಟ್ರು ಹೇಳಿದ್ದು ಇದನ್ನ?"

ಅವನು ನನ್ನ ಕಡೆ ನೋಡಿದ. "ಆಂಟಿ ಬರೆದಿದ್ರಲ್ಲ."

ನಿಮಗೂ ನೆನಪಿರಬಹುದು. ಮದುವೆಗೆ ಮೂರು ತಿಂಗಳ ಮುಂಚೆ ಇದೇ ಜಾಗದಲ್ಲಿ ತರಕಾರಿಗಳ ಬಣ್ಣದ ಬಗ್ಗೆ ಬರೆದಿದ್ದೆ. ಸಸ್ಯಗಳಲ್ಲಿ ಬಣ್ಣ ಕೊಡುವ ವಸ್ತುಗಳೇ ನಮ್ಮ ಮೈಗೂ ಒಳ್ಳೆಯದು ಮಾಡುತ್ತವೆ, ಒಂದೊಂದು ವಾರ ಒಂದೊಂದು ಬಣ್ಣ ನೋಡೋಣ ಎಂದಿದ್ದೆ. ಮೊದಲನೆಯ ವಾರ ಕಿತ್ತಳೆ. ಕ್ಯಾರೆಟ್, ಸಿಹಿಗುಂಬಳ, ಪಪಾಯಗಳಲ್ಲಿರುವ ಕೆರೋಟಿನ್ ಬಗ್ಗೆ ಒಂದು ಪುಟ ಹೊಗಳಿ ಬರೆದೆ. ಕಣ್ಣಿಗೆ ಒಳ್ಳೆಯದು, ಚರ್ಮಕ್ಕೆ ಒಳ್ಳೆಯದು, ದಿನಾ ತಿನ್ನಿ ಎಂದು ಅಪ್ಪಣೆಯನ್ನೂ ಕೊಟ್ಟೆ. ಮುಂದಿನ ವಾರ ಕೆಂಪು ಎಂದು ಮುಗಿಸಿದೆ. ಆಮೇಲೆ ಛತ್ರ ಹುಡುಕುವ ಗಲಾಟೆ ಶುರುವಾಯಿತು. ಛತ್ರದ ಬಗ್ಗೆ ಬರೆದೆ. ಬ್ಲೌಸ್ ಹೊಲಿಯುವವರ ಬಗ್ಗೆ ಬರೆದೆ. ಕೆಂಪು ಮರೆತೇಹೋಯಿತು. ಒಬ್ಬ ಓದುಗರೂ ಫೋನ್ ಮಾಡಿ ಕೇಳಲಿಲ್ಲ.

"ಮುಂದಿನ ವಾರ ಕೆಂಪು ಅಂತ ಹಾಕಿದ್ರಿ ಆಂಟಿ" ಎಂದ ಮಂಜುನಾಥ. ದೂರು ಹೇಳುವ ದನಿ ಅಲ್ಲ, ವರದಿ ಒಪ್ಪಿಸುವ ದನಿ. "ಪ್ರತಿ ವಾರ ಪೇಪರ್ ನೋಡ್ತಿದ್ದೆ. ಕೆಂಪು ಬರ್ಲೇ ಇಲ್ಲ. ಅದಕ್ಕೆ ಇದನ್ನೇ ಕಂಟಿನ್ಯೂ ಮಾಡ್ದೆ."

ವಿಮಲಕ್ಕ ಜನರೇಟರಿನ ಮೇಲೆ ಕೈ ಊರಿಕೊಂಡು ನಗಲು ಶುರು ಮಾಡಿದಳು. "ಕ್ಯಾರೆಟ್ ಅರೆದು ಅರೆದು ತಿನ್ಸಿ ಮೂಗು ಹಳದಿ ಮಾಡಿ ತಾಯಂದ್ರು ಮಕ್ಕಳನ್ನ ಕರ್ಕೊಂಡು ಬರ್ತಿದ್ರು ನನ್ನ ಕ್ಲಿನಿಕ್ಕಿಗೆ. ಮೂವತ್ತು ವರ್ಷದ ಮಗು ಇದೇ ಫಸ್ಟು."

ಅವಳು ಹೇಳಿದ್ದರ ಸಾರಾಂಶ ಇಷ್ಟು. ಈ ಕೆರೋಟಿನ್‌ನಿಂದ ದೇಹ ತನಗೆ ಬೇಕಾದಷ್ಟು ಮಾತ್ರ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಮಿಕ್ಕ ಬಣ್ಣ ಚರ್ಮದಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಅಂಗೈ, ಅಂಗಾಲುಗಳ ಚರ್ಮ ದಪ್ಪ, ಅಲ್ಲಿ ಎದ್ದು ಕಾಣುತ್ತದೆ. ಅಪಾಯವೇನಿಲ್ಲ. ತಿನ್ನುವುದನ್ನು ಕಡಿಮೆ ಮಾಡಿದರೆ ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. "ಆದ್ರೂ ನಿನ್ನ ಸಮಾಧಾನಕ್ಕೆ ಆಮೇಲೆ ಒಂದು ಬ್ಲಡ್ ಟೆಸ್ಟ್ ಮಾಡ್ಸು" ಎಂದಳು. (ಮಾಡಿಸಿದೆವು. ಅವನ ಲಿವರ್ ನನ್ನದಕ್ಕಿಂತ ಚೆನ್ನಾಗಿದೆ.)

ನಾನು ಅತ್ತೆನೋ ನಕ್ಕೆನೋ ನನಗೇ ಗೊತ್ತಾಗಲಿಲ್ಲ. ಎರಡೂ ಒಟ್ಟಿಗೆ ಬಂತು. ಮದುಮಗನ ಎರಡು ಹಳದಿ ಕೈಗಳನ್ನು ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡೆ. ಅದನ್ನು ನೋಡಿ ಜಯಮ್ಮನೂ ಬಂದು ಒತ್ತಿಕೊಂಡರು. ಅವರ ಹಿಂದೆ ಇನ್ನೂ ನಾಲ್ಕು ಜನ ಸಾಲು ನಿಂತರು. ಪುರೋಹಿತರು ವಾಚು ನೋಡಿಕೊಂಡು "ಮುಹೂರ್ತಕ್ಕೆ ಎಂಟೇ ನಿಮಿಷ ಇರೋದು, ನಿಮ್ಮ ಪದ್ಧತಿ ಮುಗೀತಾ ಮೇಡಂ?" ಎಂದರು. ನಲವತ್ತು ಜನರೂ ಚಪ್ಪಲಿಗಳನ್ನು ತುಳಿದುಕೊಂಡು ಒಳಗೆ ಓಡಿದೆವು. ಅಂತರಪಟದ ಆ ಕಡೆಯಿಂದ ಮಗಳು "ಎಲ್ಲಿ ಹೋಗಿದ್ರಿ ಎಲ್ರೂ?" ಎಂದಳು. "ಬಿಸಿಲಿಗೆ" ಎಂದರು ಯಜಮಾನರು. ಜೀರಿಗೆ ಬೆಲ್ಲ ಬಿತ್ತು. ಮದುವೆ ಆಯಿತು.

ಆಮೇಲೆ ಕುಳಿತು ಯೋಚಿಸಿದೆ. ತಪ್ಪು ಕ್ಯಾರೆಟ್‌ನದಲ್ಲ. ಪಾಪ, ಅದು ತನ್ನ ಕೆಲಸ ತಾನು ಮಾಡಿದೆ. ನಾನು ಬರೆದದ್ದೂ ಸುಳ್ಳಲ್ಲ. ಆದರೆ ಯಾವುದಾದರೂ ಒಂದು ತರಕಾರಿಯೊಳಗಿನ ಒಂದು ವಸ್ತುವಿನ ಹೆಸರು ಗೊತ್ತಾಯಿತೋ, ನಾವು ಅದನ್ನು ಊಟದಿಂದ ಎತ್ತಿ ಔಷಧಿ ಡಬ್ಬಿಗೆ ಹಾಕಿಬಿಡುತ್ತೇವೆ. ಜೆ.ಪಿ. ನಗರದ ಪಾರ್ಕಿನ ಗೇಟಿನಲ್ಲಿ ಬೆಳಿಗ್ಗೆ ನಿಂತು ನೋಡಿ. ಹಾಗಲಕಾಯಿ ಜ್ಯೂಸು ಶುಗರ್‌ಗೆ, ಬೂದುಗುಂಬಳ ಹೊಟ್ಟೆಗೆ, ಬೀಟ್‌ರೂಟ್ ರಕ್ತಕ್ಕೆ. ಮೂಗು ಹಿಡಿದು ಕುಡಿದು, ಎದುರಿನ ಹೋಟೆಲಿನಲ್ಲಿ ಬೆಣ್ಣೆ ಮಸಾಲೆ ತಿಂದು ಮನೆಗೆ ಹೋಗುತ್ತಾರೆ. ನನ್ನ ವಾಕಿಂಗ್ ಗೆಳತಿಯೊಬ್ಬಳು ನುಗ್ಗೆಸೊಪ್ಪಿನ ಪುಡಿಯನ್ನು ಡಬ್ಬಿಯಲ್ಲಿ ತರಿಸುತ್ತಾಳೆ. ಕೊರಿಯರ್‌ನವನು ಬಂದು ಸ್ಕೂಟರ್ ನಿಲ್ಲಿಸುವುದು ಅವಳ ಮನೆ ಮುಂದಿನ ನುಗ್ಗೆಮರದ ನೆರಳಿನಲ್ಲಿ. (ನಗಬೇಡಿ. ನಾನೂ ಒಂದು ಡಬ್ಬಿ ತರಿಸಿದ್ದೆ.)

ನಮ್ಮ ಮಾಮೂಲಿ ಊಟವನ್ನೇ ನೋಡಿ. ಒಗ್ಗರಣೆಯಲ್ಲಿ ಕರಿಬೇವು, ಅರಿಶಿನ. ಸಾರಿನಲ್ಲಿ ಟೊಮೆಟೊ, ಅದರ ಕೆಂಪು ಬಣ್ಣ ಎಣ್ಣೆಯ ಜೊತೆ ಬೆಂದರೆ ಮೈಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಬಸ್ಸಾರಿನಲ್ಲಿ ಸೊಪ್ಪು, ಎಣ್ಣೆಗಾಯಿಯಲ್ಲಿ ಸಿಪ್ಪೆ ಸಮೇತ ನೇರಳೆ ಬದನೆ, ಕಾಲ ಬಂದಾಗ ನೇರಳೆಹಣ್ಣು. ಎಲ್ಲದರಲ್ಲೂ ಒಂದೊಂದು ಒಳ್ಳೆಯದಿದೆ. ಯಾವುದೂ ಇನ್ನೊಂದರ ಕೆಲಸ ಮಾಡುವುದಿಲ್ಲ. ಇದನ್ನು ಮೊದಲನೆಯ ವಾರವೇ ಬರೆದಿದ್ದರೆ ನಮ್ಮ ಯಜಮಾನರ ರೇಷ್ಮೆ ಪಂಚೆ ಉಳಿಯುತ್ತಿತ್ತು.

ಹೋದ ವಾರ ಜಯಮ್ಮ ಫೋನ್ ಮಾಡಿದ್ದರು. ಅರೆಕೆರೆಯಲ್ಲಿ ಅವರ ಸಂಬಂಧಿಕರ ಮದುವೆಯಂತೆ. "ನಿಮ್ಮ ಕಡೆ ಆ ಬಿಸಿಲಿನ ಶಾಸ್ತ್ರ ನಮ್ಮೋರಿಗೆಲ್ಲ ಬಾಳ ಹಿಡಿಸ್ಬಿಟ್ಟಿದೆ. ನಾವೂ ಮಾಡಿಸ್ತೀವಿ. ಆ ಕಣ್ಣು ಎಳೆಯೋ ಅಮ್ಮನ್ನ ಕರ್ಕೊಂಡು ಬನ್ನಿ" ಎಂದರು. ನಿಜ ಹೇಳಿಬಿಡೋಣ ಎಂದುಕೊಂಡೆ. ಧೈರ್ಯ ಬರಲಿಲ್ಲ. ವಿಮಲಕ್ಕನನ್ನು ಕೇಳಿದರೆ "ತಿಂಡಿ ಎಷ್ಟು ಗಂಟೆಗೆ?" ಎಂದಳು.

ಮೊನ್ನೆ ಭಾನುವಾರ ಮಗಳು ಅಳಿಯ ಊಟಕ್ಕೆ ಬಂದಿದ್ದರು. ಅಳಿಯನ ಕೈ ಈಗ ಹೆಚ್ಚುಕಡಿಮೆ ಎಲ್ಲರ ಕೈಯಂತಾಗಿದೆ. ನಾನು ಕ್ಯಾರೆಟ್ ಕೋಸಂಬರಿ ಬಡಿಸಲು ಹೋದೆ. "ಆಯ್ತು ಅತ್ತೆ" ಎಂದು ಎಲೆಯ ಮೇಲೆ ಜಾಗ ಮಾಡಿದ. ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಹಾಕ್ಬೇಡಮ್ಮ. ಅವ್ನಿಗೆ ಚಿಕ್ಕ ವಯಸ್ಸಿಂದ ಕ್ಯಾರೆಟ್ ಕಂಡ್ರೆ ಆಗಲ್ಲ. ವಾಸನೆಗೇ ವಾಕರಿಕೆ ಬರತ್ತೆ."

"ಮತ್ತೆ ಮೂರು ತಿಂಗಳು ಕುಡಿದ್ನಲ್ಲೇ?"

"ನಂಗೂ ಮೊನ್ನೆ ಮೊನ್ನೆ ಗೊತ್ತಾಗಿದ್ದು. ಮಗಳನ್ನೇ ಕೊಡ್ತಿದ್ದಾರೆ, ಅವ್ರು ಬರೆದಿದ್ದು ಒಂದು ಮಾತು ನಡೆಸಕ್ಕಾಗಲ್ವಾ ಅಂದ್ಕೊಂಡ್ನಂತೆ."

ಕೋಸಂಬರಿ ಪಾತ್ರೆಗೆ ತಟ್ಟೆ ಮುಚ್ಚಿದೆ. ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ತಿಂಗಳುಗಟ್ಟಲೆ ಅನುಮಾನಪಟ್ಟವಳು ನಾನು. ಅವನು ಮುಚ್ಚಿಟ್ಟಿದ್ದು ಇದೊಂದನ್ನೇ. ಅದು ಅವನ ಅಂಗಾಲಿನ ಮೇಲೆ ಅಷ್ಟು ದೊಡ್ಡದಾಗಿ ಎದ್ದು ಕಾಣುತ್ತಿದ್ದಾಗ ನಾನು ಮದುವೆ ನಿಲ್ಲಿಸಲು ಹೊರಟಿದ್ದೆ.

ನೀವೇ ಹೇಳಿ, ಆವತ್ತು ಬಿಸಿಲಿನಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕಾಗಿದ್ದದ್ದು ಯಾರ ಕಣ್ಣನ್ನು?